ಖಾಲಿ ಆಸನಕ್ಕೆ ರಿಯಾಯಿತಿಯೊಂದೇ ಮದ್ದಲ್ಲ: ರಂಗಮಂದಿರಗಳ ಆಡಳಿತ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮುಂದಿನ ವರ್ಷದ ಪ್ರದರ್ಶನಗಳ ಪಟ್ಟಿ ಸಿದ್ಧಪಡಿಸಲು ನೀವು ಸಭೆ ಸೇರಿದಾಗ ಚರ್ಚೆಗೆ ಬರುವ ಪ್ರಶ್ನೆ ಬಹುತೇಕ ಒಂದೇ: ಜನರನ್ನು ರಂಗಮಂದಿರಕ್ಕೆ ಕರೆತರುವುದು ಹೇಗೆ? ಅದಕ್ಕೆ ದೊರೆಯುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಟಿಕೆಟ್ ದರದಲ್ಲಿ ರಿಯಾಯಿತಿ, ಇನ್ನಷ್ಟು ಜಾಹೀರಾತು, ಜನಪ್ರಿಯ ಮುಖವಿರುವ ಒಂದೆರಡು ನಾಟಕ. ಬಹಳ ಕಾಲದಿಂದ ನಾಟಕ ನೋಡುತ್ತ ಬಂದವಳಾಗಿ, ನಡುವೆ ಕೆಲವು ವರ್ಷ ಬಾಗಿಲಲ್ಲಿ ನಿಂತು ಟಿಕೆಟ್ ಹರಿದು ಪ್ರೇಕ್ಷಕರಿಗೆ ಆಸನ ತೋರಿಸಿದವಳಾಗಿ, ಆ ಉತ್ತರವನ್ನು ಪ್ರಶ್ನಿಸಲು ಈ ಪತ್ರ ಬರೆಯುತ್ತಿದ್ದೇನೆ. ರಂಗಮಂದಿರಕ್ಕೆ ಬಾರದವರೆಲ್ಲ ಒಂದೇ ಕಾರಣಕ್ಕೆ ಬಾರದಿರುವುದಿಲ್ಲ. ಒಬ್ಬರಿಗೆ ಹಣ ತಡೆ, ಇನ್ನೊಬ್ಬರಿಗೆ ವೇಳೆ, ಮತ್ತೊಬ್ಬರಿಗೆ ಮೆಟ್ಟಿಲು, ಮಗದೊಬ್ಬರಿಗೆ ಕಿವಿಗೆ ಬೀಳದ ಮಾತು, ಕೆಲವರಿಗೆ ‘ಇದು ನಮ್ಮಂಥವರ ಜಾಗವಲ್ಲ’ ಎಂಬ ಅಳುಕು. ಎಲ್ಲದಕ್ಕೂ ರಿಯಾಯಿತಿ ಎಂಬ ಒಂದೇ ಮದ್ದು ಕೊಟ್ಟರೆ ಅದು ತಾಗುವುದು ಹಣದ ತಡೆ ಇರುವವರಿಗೆ ಮಾತ್ರ. ಅನೇಕ ಸಲ ಅವರಿಗೂ ತಾಗದೆ, ಹೇಗಿದ್ದರೂ ಬರುತ್ತಿದ್ದವರ ಜೇಬಿಗೆ ಉಳಿತಾಯವಾಗಿ ಸೇರುತ್ತದೆ.

ಹಣದ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಸುಳ್ಳು ತಡೆಯೇನೂ ಅಲ್ಲ. ಪ್ರಾಚೀನ ಅಥೆನ್ಸ್ ನಗರದಲ್ಲಿ ಬಡ ನಾಗರಿಕರೂ ಉತ್ಸವದ ನಾಟಕಗಳನ್ನು ನೋಡಲೆಂದು ‘ಥಿಯೊರಿಕಾನ್’ ಎಂಬ ಸಾರ್ವಜನಿಕ ನಿಧಿಯಿಂದ ಪ್ರವೇಶದ ಹಣ ಕೊಡಲಾಗುತ್ತಿತ್ತು. ಷೇಕ್ಸ್‌ಪಿಯರ್ ಕಾಲದ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿ ಒಂದು ಪೆನ್ನಿ ಕೊಟ್ಟವರು ವೇದಿಕೆಯ ಸುತ್ತಲಿನ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಇನ್ನೊಂದು ಪೆನ್ನಿ ಕೊಟ್ಟವರಿಗೆ ಮಾಡಿನಡಿಯ ಗ್ಯಾಲರಿಯಲ್ಲಿ ಜಾಗ ಸಿಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಕಡಿಮೆ ಕೊಟ್ಟವರೇ ನಟರಿಗೆ ಎಲ್ಲರಿಗಿಂತ ಹತ್ತಿರವಿದ್ದರು. ಅವರ ಕಾಲು ನೋಯುತ್ತಿತ್ತು, ಮಳೆ ಬಂದರೆ ನೆನೆಯುತ್ತಿದ್ದರು, ಆದರೆ ನಟನ ಮುಖ ಕಾಣುತ್ತಿತ್ತು. ಇಂದು ಅಗ್ಗದ ಟಿಕೆಟ್ ಎಂದರೆ ಕಂಬದ ಹಿಂದಿನ ಜಾಗ, ಕೊನೆಯ ಸಾಲು ಅಥವಾ ಬಾಲ್ಕನಿಯ ಮೂಲೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಮೊದಲ ಸಲ ನಾಟಕಕ್ಕೆ ಬರುವ ಕಾಲೇಜು ಹುಡುಗನಿಗೆ ಇಡೀ ರಂಗಮಂದಿರದ ಅತ್ಯಂತ ಕೆಟ್ಟ ನೋಟವನ್ನು ತೋರಿಸಿ, ಅವನು ಮತ್ತೆ ಬರಲಿಲ್ಲವೆಂದು ಅಚ್ಚರಿಪಡುತ್ತೇವೆ.

ಇದಕ್ಕೆ ಬೇರೆ ದಾರಿಗಳು ಇಲ್ಲವೆಂದಲ್ಲ. 1890ರಲ್ಲಿ ಬರ್ಲಿನ್ನಿನಲ್ಲಿ ಕಾರ್ಮಿಕರಿಗಾಗಿ ಹುಟ್ಟಿದ ‘ಫ್ರೈಯ ಫೋಲ್ಕ್ಸ್‌ಬ್ಯೂನೆ’ ಸಂಘ ತನ್ನ ಸದಸ್ಯರೆಲ್ಲರಿಂದ ಒಂದೇ ದರ ಪಡೆದು, ಯಾರು ಯಾವ ಆಸನದಲ್ಲಿ ಕೂರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿತ್ತು. 1996ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಯಲ್ಲಿ ‘ರೆಂಟ್’ ಸಂಗೀತ ನಾಟಕದವರು ಮುಂದಿನ ಎರಡು ಸಾಲುಗಳ ಆಸನಗಳನ್ನು ಪ್ರದರ್ಶನದ ದಿನವೇ 20 ಡಾಲರಿಗೆ ಮಾರತೊಡಗಿದಾಗ, ಯುವಜನರು ಅದಕ್ಕಾಗಿ ಸಾಲುಗಟ್ಟಿ ನಿಂತರು. ಎರಡೂ ಏರ್ಪಾಡುಗಳಲ್ಲಿ ರಿಯಾಯಿತಿಗಿಂತ ಹೆಚ್ಚಿನದೊಂದು ಇತ್ತು: ಕಡಿಮೆ ಕೊಟ್ಟವರನ್ನು ಕಡಿಮೆಯವರೆಂದು ಕಾಣಲಿಲ್ಲ.

ಕೊನೆಯ ಗಳಿಗೆಯ ಅರ್ಧದರದ ಟಿಕೆಟ್ಟು ಇನ್ನೊಂದು ಬಗೆಯದು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 1973ರಿಂದ ನಡೆಯುತ್ತಿರುವ ‘ಟಿಕೆಟಿಎಸ್’ ಮಳಿಗೆಯಲ್ಲಿ ಅಂದಿನ ಪ್ರದರ್ಶನಕ್ಕೆ ಮಾರಾಟವಾಗದೆ ಉಳಿದ ಆಸನಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪರದೆ ಎದ್ದ ಮರುಕ್ಷಣ ಖಾಲಿ ಆಸನದ ಬೆಲೆ ಸೊನ್ನೆಯಾಗುವುದರಿಂದ ಈ ಲೆಕ್ಕ ಸರಿಯಾದದ್ದೇ. ಆದರೆ ಸಂಜೆ ಬಿಡುವಿದ್ದು, ಊರಿನ ನಡುಭಾಗದಲ್ಲೇ ಇದ್ದು, ಟಿಕೆಟ್ ಸಿಗದಿದ್ದರೆ ಬೇಸರಪಡದೆ ಹಿಂದಿರುಗಬಲ್ಲವರಿಗೆ ಮಾತ್ರ ಅದು ಅನುಕೂಲ. ಮಗುವನ್ನು ಯಾರ ಬಳಿಯಾದರೂ ಬಿಟ್ಟು ಬರಬೇಕಾದ ತಾಯಿಗೂ, ಗಾಲಿಕುರ್ಚಿಯಲ್ಲಿ ಬರುವವರಿಗೂ, ದೂರದ ಬಡಾವಣೆಯಿಂದ ಎರಡು ಬಸ್ಸು ಬದಲಿಸಿ ಬರುವವರಿಗೂ ‘ಹೋಗಿ ನೋಡೋಣ, ಸಿಕ್ಕರೆ ಸಿಕ್ಕಿತು’ ಎಂಬ ಟಿಕೆಟ್ಟಿನಿಂದ ಏನೂ ಪ್ರಯೋಜನವಿಲ್ಲ. ಮೇಲಾಗಿ, ಅದನ್ನೇ ನೆಚ್ಚಿಕೊಂಡರೆ ಮುಂಗಡವಾಗಿ ಕೊಳ್ಳುತ್ತಿದ್ದ ಜಾಣರೂ ಕಾದು ಕೂರುವುದನ್ನು ಕಲಿಯುತ್ತಾರೆ.

ದರ ಏರಿಸಲೇಬಾರದೆಂದು ನಾನು ಹೇಳುವುದಿಲ್ಲ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲೇ ತೋರಿಸಿಕೊಟ್ಟಂತೆ, ಕಾರ್ಖಾನೆಯಲ್ಲಿ ಯಂತ್ರದಿಂದ ದುಡಿಮೆಯ ಉತ್ಪಾದಕತೆ ಏರಿದ ಹಾಗೆ ರಂಗದ ಮೇಲೆ ಏರುವುದಿಲ್ಲ. ನಾಲ್ಕು ಜನ ನುಡಿಸಬೇಕಾದ ಸಂಗೀತವನ್ನು ಇಂದಿಗೂ ನಾಲ್ಕೇ ಜನ, ಅಷ್ಟೇ ಹೊತ್ತು ನುಡಿಸಬೇಕು, ಆದರೆ ಅವರ ಸಂಬಳ ಮಾತ್ರ ಹೊರಗಿನ ಲೋಕದ ಜೊತೆ ಏರಲೇಬೇಕು. ಆದ್ದರಿಂದ ಕೊಡಬಲ್ಲವರಿಂದ ಹೆಚ್ಚು ಪಡೆಯಿರಿ. ಆದರೆ ಹಾಗೆ ಪಡೆದದ್ದರಿಂದ ಎಷ್ಟು ಆಸನಗಳನ್ನು ಕಡಿಮೆ ದರಕ್ಕೆ ಇಟ್ಟಿದ್ದೀರಿ ಎಂಬುದನ್ನು ಬಹಿರಂಗವಾಗಿ ಹೇಳಿ. ಜಾಹೀರಾತಿನಲ್ಲಿ ಒಂದು ದರ ತೋರಿಸಿ, ಹಣ ಕಟ್ಟುವ ಕೊನೆಯ ಪುಟದಲ್ಲಿ ಬುಕಿಂಗ್ ಶುಲ್ಕ, ಸೇವಾ ಶುಲ್ಕ ಎಂದು ಸೇರಿಸುತ್ತ ಹೋಗುವುದನ್ನು ಮಾತ್ರ ದಯವಿಟ್ಟು ಬಿಡಿ. ಒಂದೊಂದು ರೂಪಾಯಿ ಎಣಿಸಿ ಬರುವವರನ್ನು ಅದು ಬಾಗಿಲಲ್ಲೇ ಅವಮಾನಿಸುತ್ತದೆ.

ದರ ಏರಿದರೂ ನೋಟ ಕೆಟ್ಟರೂ ಜನ ಸುಮ್ಮನಿರುತ್ತಾರೆ ಎಂದುಕೊಳ್ಳಬೇಡಿ. ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರ 1808ರಲ್ಲಿ ಸುಟ್ಟುಹೋಗಿ, 1809ರ ಸೆಪ್ಟೆಂಬರಿನಲ್ಲಿ ಹೊಸ ಕಟ್ಟಡದಲ್ಲಿ ಬಾಗಿಲು ತೆರೆದಾಗ, ವ್ಯವಸ್ಥಾಪಕ ಜಾನ್ ಫಿಲಿಪ್ ಕೆಂಬಲ್ ದರವನ್ನು ಏರಿಸಿದ್ದಲ್ಲದೆ ಒಂದು ಇಡೀ ಅಂತಸ್ತನ್ನು ಸಿರಿವಂತರ ಖಾಸಗಿ ಬಾಕ್ಸುಗಳಿಗೆ ಬಿಟ್ಟುಕೊಟ್ಟಿದ್ದ. ಮೇಲಿನ ಗ್ಯಾಲರಿಯಲ್ಲಿ ಕೂತವರಿಗೆ ನಟರ ಕಾಲುಗಳಷ್ಟೇ ಕಾಣುತ್ತವೆ ಎಂಬ ದೂರೂ ಎದ್ದಿತು. ಸುಮಾರು ಮೂರು ತಿಂಗಳ ಕಾಲ ಪ್ರೇಕ್ಷಕರು ‘ಹಳೆಯ ದರ’ ಎಂದು ಕೂಗುತ್ತ, ಗಂಟೆ ಬಾರಿಸುತ್ತ, ಕುಣಿಯುತ್ತ ನಾಟಕವನ್ನು ಕೇಳಿಸದಂತೆ ಮಾಡಿದರು. ಕೊನೆಗೆ ಕೆಂಬಲ್ ಮಣಿದು ಕ್ಷಮೆ ಕೋರಬೇಕಾಯಿತು. ಇಂದಿನ ಪ್ರೇಕ್ಷಕರು ಗಂಟೆ ಬಾರಿಸುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ ಅಷ್ಟೆ. ವ್ಯವಸ್ಥಾಪಕರ ದೃಷ್ಟಿಯಿಂದ ನೋಡಿದರೆ ಕೆಂಬಲನೇ ಅದೃಷ್ಟವಂತ, ಏನು ತಪ್ಪಾಯಿತೆಂದು ಅವನಿಗೆ ತಿಳಿಸುವವರಾದರೂ ಇದ್ದರು.

ಇನ್ನು ವೇಳೆಯ ತಡೆ. ನಾಟಕ ಎಷ್ಟು ಹೊತ್ತಿಗೆ ಆರಂಭವಾಗುತ್ತದೆ ಎಂದು ನಿಮ್ಮ ಪ್ರತಿಯೊಂದು ಭಿತ್ತಿಪತ್ರವೂ ಹೇಳುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಹೇಳುವುದು ಅಪರೂಪ. ಕೊನೆಯ ಬಸ್ಸು ಹಿಡಿಯಬೇಕಾದವರಿಗೆ, ಕತ್ತಲಾಗುವ ಮೊದಲು ಮನೆ ಸೇರಬೇಕೆನ್ನುವ ಹಿರಿಯರಿಗೆ, ಬೆಳಗಿನ ಪಾಳಿಗೆ ಹೋಗಬೇಕಾದವರಿಗೆ ಮುಗಿಯುವ ವೇಳೆಯೇ ಮುಖ್ಯ. ಇದನ್ನು ಚೆನ್ನಾಗಿ ಅರಿತಿದ್ದವರು ಫ್ರಾನ್ಸಿನ ನಿರ್ದೇಶಕ ಝಾನ್ ವಿಲಾರ್. 1951ರಿಂದ 1963ರವರೆಗೆ ಪ್ಯಾರಿಸ್ಸಿನ ರಾಷ್ಟ್ರೀಯ ಜನತಾ ರಂಗಮಂದಿರವನ್ನು ನಡೆಸಿದ ಅವರು, ದುಡಿಯುವ ಜನ ರಾತ್ರಿ ಮನೆ ಸೇರಲಾಗುವಂತೆ ಪ್ರದರ್ಶನವನ್ನು ಬೇಗ ಆರಂಭಿಸಿದರು, ಕೆಲಸದಿಂದ ನೇರವಾಗಿ ಬಂದವರಿಗೆ ಅಲ್ಲೇ ಏನಾದರೂ ತಿನ್ನಲು ಸಿಗುವಂತೆ ಮಾಡಿದರು, ಆಸನ ತೋರಿಸುವವರಿಗೆ ಭಕ್ಷೀಸು ಕೊಡುವ ಪದ್ಧತಿಯನ್ನು ತೆಗೆದುಹಾಕಿದರು, ಕೋಟು ಇಡುವ ಕೊಠಡಿಗೆ ಶುಲ್ಕ ಬೇಡವೆಂದರು. ಭಕ್ಷೀಸಿನ ವಿಷಯ ಚಿಕ್ಕದೆಂದು ನಿಮಗೆ ಕಾಣಬಹುದು. ಬಾಗಿಲಲ್ಲಿ ನಿಂತವಳಾಗಿ ಹೇಳುತ್ತೇನೆ, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಕೊಡದಿದ್ದರೆ ಏನೆಂದುಕೊಳ್ಳುತ್ತಾರೆ ಎಂಬ ಗಲಿಬಿಲಿ ಹೊಸಬರ ಮುಖದ ಮೇಲೆ ಟಿಕೆಟ್ ದರಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಹೊತ್ತೇ ಇಲ್ಲದವರಿಗೆ ಟೋಕಿಯೋದ ಕಬುಕಿಜಾ ರಂಗಮಂದಿರ ಒಂದು ಸರಳ ಉಪಾಯ ಮಾಡಿದೆ: ಹಲವು ಗಂಟೆಗಳ ಕಾರ್ಯಕ್ರಮದಲ್ಲಿ ಒಂದೇ ಅಂಕವನ್ನು ನೋಡಲು ಬೇರೆ ಟಿಕೆಟ್ ಕೊಡುತ್ತದೆ. ಪ್ರತಿ ನಾಟಕಕ್ಕೂ ಇದು ಒಗ್ಗುವುದಿಲ್ಲ, ನಿಜ. ಆದರೂ ವಾರದಲ್ಲಿ ಒಂದು ಮಧ್ಯಾಹ್ನದ ಆಟ, ಒಂದು ಬೇಗ ಮುಗಿಯುವ ಸಂಜೆಯ ಆಟ ಎಲ್ಲರ ಕೈಗೂ ಎಟುಕುವಂಥದು.

ದೇಹದ ತಡೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಿಮ್ಮ ಕಾಗದದಲ್ಲಿ ಇರುವ ವ್ಯವಸ್ಥೆಗೂ ಪ್ರೇಕ್ಷಕರಿಗೆ ದಕ್ಕುವ ವ್ಯವಸ್ಥೆಗೂ ಇರುವ ಅಂತರ ಇಲ್ಲಿ ಎಲ್ಲಕ್ಕಿಂತ ಹೆಚ್ಚು. ಗಾಲಿಕುರ್ಚಿಗೆ ಜಾಗವಿದೆ ಎನ್ನುತ್ತೀರಿ. ಆ ಜಾಗ ಬಹಳಷ್ಟು ಕಡೆ ಬಾಲ್ಕನಿಯ ಚಾಚಿನ ಕೆಳಗೆ, ಎಲ್ಲರ ಹಿಂದೆ ಇರುತ್ತದೆ. ಜೊತೆಗೆ ಬಂದವರಲ್ಲಿ ಒಬ್ಬರಿಗೆ ಪಕ್ಕದಲ್ಲಿ ಕುರ್ಚಿ, ಉಳಿದವರು ಎಲ್ಲೋ ಮುಂದಿನ ಸಾಲಿನಲ್ಲಿ. ಇಡೀ ಕುಟುಂಬ ಒಟ್ಟಿಗೆ ಕೂತು ನಗಲೆಂದು ಬಂದಿರುತ್ತದೆ, ನೀವು ಅವರನ್ನು ಬೇರೆ ಮಾಡಿ ಕೂರಿಸುತ್ತೀರಿ. ಆ ಜಾಗವನ್ನು ಜಾಲತಾಣದಲ್ಲಿ ಕಾಯ್ದಿರಿಸಲು ಆಗುವುದಿಲ್ಲ, ಕಚೇರಿಯ ವೇಳೆಯಲ್ಲಿ ಫೋನ್ ಮಾಡಬೇಕು ಎಂಬ ನಿಯಮ ಇನ್ನೊಂದು. ಮಿಕ್ಕ ಎಲ್ಲರಿಗೂ ಅರ್ಧ ರಾತ್ರಿಯಲ್ಲೂ ಟಿಕೆಟ್ ಮಾರುವ ನೀವು ಇವರನ್ನು ಮಾತ್ರ ಕಾಯಿಸುವುದಕ್ಕೆ ಯಾವ ತಾಂತ್ರಿಕ ಕಾರಣವೂ ನನಗೆ ತೋರುವುದಿಲ್ಲ.

ಕಿವಿ ಮಂದವಾದವರದು ಇನ್ನೂ ಸೂಕ್ಷ್ಮವಾದ ವಿಷಯ. ಇಂಡಕ್ಷನ್ ಲೂಪ್ ಎಂದರೆ ಸಭಾಂಗಣದ ಸುತ್ತ ಹಾಯಿಸಿದ ಒಂದು ತಂತಿ. ರಂಗದ ಮೈಕಿನಿಂದ ಬರುವ ಧ್ವನಿಯನ್ನು ಅದು ಕಾಂತಕ್ಷೇತ್ರವಾಗಿ ಹರಡುತ್ತದೆ, ಶ್ರವಣಸಾಧನದೊಳಗಿನ ಪುಟ್ಟ ಸುರುಳಿ ಅದನ್ನು ಹಿಡಿದು, ಸುತ್ತಲಿನ ಕೆಮ್ಮು ಮತ್ತು ಪಿಸುಮಾತುಗಳನ್ನು ದಾಟಿ ನಟನ ಮಾತನ್ನಷ್ಟೇ ಕಿವಿಗೆ ಮುಟ್ಟಿಸುತ್ತದೆ. ಒಳ್ಳೆಯ ಸಾಧನ. ಆದರೆ ಕಿವಿಯ ಚಿತ್ರವಿರುವ ಫಲಕ ಗೋಡೆಯ ಮೇಲಿದ್ದು, ಸ್ವಿಚ್ ಎಲ್ಲಿದೆಯೆಂದು ಅಂದು ಕೆಲಸಕ್ಕೆ ಬಂದ ಯಾರಿಗೂ ಗೊತ್ತಿಲ್ಲದ ಸಂಜೆಗಳನ್ನು ನಾನು ನೋಡಿದ್ದೇನೆ. ಲೂಪನ್ನು ನಂಬಿ ಬಂದವರು ಎರಡು ಗಂಟೆ ಕಾಲ ಬಾಯಿ ಆಡುವುದನ್ನು ನೋಡಿ ಹಿಂದಿರುಗುತ್ತಾರೆ, ಯಾರಲ್ಲೂ ದೂರುವುದಿಲ್ಲ. ಪರದೆಯ ಮೇಲೆ ಸಂಭಾಷಣೆಯನ್ನು ಅಕ್ಷರದಲ್ಲಿ ತೋರಿಸುವ ಕಡೆಗಳಲ್ಲೂ ಇಂಥದೇ ಅಚಾತುರ್ಯ: ಅಕ್ಷರದ ಪರದೆ ರಂಗದ ಎಡಬದಿಗಿದ್ದರೆ ಬಲಗಡೆಯ ಮುಂದಿನ ಸಾಲುಗಳಿಂದ ಅದನ್ನು ಓದಲು ಕುತ್ತಿಗೆ ತಿರುಗಿಸಬೇಕು, ತಿರುಗಿಸಿದರೆ ನಟ ಕಾಣುವುದಿಲ್ಲ. ಎರಡೂ ಒಂದೇ ನೋಟಕ್ಕೆ ಸಿಗುವ ಆಸನಗಳು ಯಾವುವು ಎಂಬುದನ್ನು ಯಾರಾದರೂ ಒಮ್ಮೆ ಕೂತು ನೋಡಿ ಗುರುತು ಹಾಕಿ, ಅವನ್ನು ಬೇಕಾದವರಿಗಾಗಿ ತೆಗೆದಿರಿಸಿದರೆ ಮುಗಿಯಿತು.

ಕಣ್ಣು ಕಾಣದ ಪ್ರೇಕ್ಷಕರಿಗಾಗಿ ರಂಗದ ಮೇಲೆ ನಡೆಯುವುದನ್ನು ಸಂಭಾಷಣೆಯ ನಡುವಿನ ಬಿಡುವಿನಲ್ಲಿ ಇಯರ್‌ಫೋನಿನಲ್ಲಿ ವಿವರಿಸುವ ಕ್ರಮಬದ್ಧ ಸೇವೆಯನ್ನು ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ 1981ರಲ್ಲಿ ಆರಂಭಿಸಿದವರು ಮಾರ್ಗರೆಟ್ ಫಾನ್‌ಸ್ಟೀಲ್ ಮತ್ತು ಅವರ ಪತಿ ಕೋಡಿ. ಮಾರ್ಗರೆಟ್ ಸ್ವತಃ ದೃಷ್ಟಿ ಕಳೆದುಕೊಂಡವರು. ಈ ಸೇವೆಯ ಜೊತೆಗೆ ಈಗ ಹಲವೆಡೆ ಪ್ರದರ್ಶನಕ್ಕೆ ಮುಂಚೆ ರಂಗವನ್ನು ಮುಟ್ಟಿ ನೋಡುವ ಅವಕಾಶವನ್ನೂ ಕೊಡುತ್ತಾರೆ. ಬಂದವರು ರಂಗದ ಮೇಲೆ ನಡೆದು, ಬಾಗಿಲಿನಿಂದ ಮೇಜಿಗೆ ಎಷ್ಟು ಹೆಜ್ಜೆ ಎಂದು ಅಳೆಯುತ್ತಾರೆ; ರಾಣಿಯ ನಿಲುವಂಗಿಯ ಅಂಚನ್ನು ಬೆರಳಿನಲ್ಲಿ ಹಿಡಿದು ಅದರ ತೂಕ ನೋಡುತ್ತಾರೆ; ಕಲ್ಲಿನ ಕಂಬವನ್ನು ತಟ್ಟಿ ಅದು ಪೊಳ್ಳು ಹಲಗೆಯೆಂದು ತಿಳಿದು ನಗುತ್ತಾರೆ; ನಟರು ಬಂದು ತಮ್ಮ ಪಾತ್ರದ ದನಿಯಲ್ಲಿ ಒಂದೆರಡು ಮಾತಾಡಿ ಪರಿಚಯ ಹೇಳಿಕೊಳ್ಳುತ್ತಾರೆ. ಆಮೇಲೆ ನಾಟಕದ ನಡುವೆ ಆ ನಿಲುವಂಗಿ ನೆಲದ ಮೇಲೆ ಸರಿದ ಸದ್ದು ಕೇಳಿದಾಗ, ಬಂದವರು ಯಾರು ಎಂದು ಅವರಿಗೆ ವಿವರಣೆಗೆ ಮೊದಲೇ ತಿಳಿದಿರುತ್ತದೆ. ಇದಕ್ಕೆ ತಗಲುವ ಖರ್ಚಿಗಿಂತ ಒಂದು ದೊಡ್ಡ ಜಾಹೀರಾತು ಫಲಕದ ಖರ್ಚು ಹೆಚ್ಚಿದ್ದೀತು ಎಂದು ನನ್ನ ಅನಿಸಿಕೆ.

ಆಟಿಸಂ ಇರುವವರಿಗೆ ಮತ್ತು ಕತ್ತಲೆ, ದೊಡ್ಡ ಸದ್ದು, ಕದಲದೆ ಕೂರುವುದು ಇವುಗಳಿಂದ ಹಿಂಸೆಯಾಗುವ ಇತರರಿಗಾಗಿ ನಡೆಸುವ ಸಡಿಲ ನಿಯಮದ ಪ್ರದರ್ಶನಗಳೂ ಈಗ ಹೊಸತಲ್ಲ. ಬ್ರಾಡ್‌ವೇಯಲ್ಲಿ ಅಂಥ ಮೊದಲ ಪ್ರದರ್ಶನವನ್ನು 2011ರಲ್ಲಿ ಥಿಯೇಟರ್ ಡೆವಲಪ್‌ಮೆಂಟ್ ಫಂಡ್ ಸಂಸ್ಥೆ ಏರ್ಪಡಿಸಿತು. ಸಭಾಂಗಣದ ದೀಪವನ್ನು ಪೂರ್ತಿ ಆರಿಸುವುದಿಲ್ಲ, ಧ್ವನಿಯ ಮಟ್ಟ ಇಳಿಸುತ್ತಾರೆ, ಮಿಂಚುವ ದೀಪಗಳನ್ನು ಬಳಸುವುದಿಲ್ಲ, ಎದ್ದು ಓಡಾಡಿದರೂ ಉದ್ಗರಿಸಿದರೂ ಯಾರೂ ತಿರುಗಿ ನೋಡುವುದಿಲ್ಲ, ಬೇಕೆಂದಾಗ ಹೋಗಿ ಕೂರಲು ಹೊರಗೊಂದು ಸದ್ದಿಲ್ಲದ ಕೋಣೆ ಇರುತ್ತದೆ. ನಾಟಕ ಮಾತ್ರ ಅದೇ, ನಟರೂ ಅವರೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಮೌನವನ್ನು ಬಯಸಿ ಬರುವ ಪ್ರೇಕ್ಷಕರೂ ನಿಮ್ಮವರೇ. ಪಕ್ಕದವರ ಫೋನಿನ ಬೆಳಕು ಕಣ್ಣಿಗೆ ಬಿದ್ದರೆ ನನಗೂ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕತ್ತಲಲ್ಲಿ ಸದ್ದು ಮಾಡದೆ ಕೂರುವುದು ನಾಟಕದಷ್ಟೇ ಹಳೆಯ ನಿಯಮವೆಂದು ತಿಳಿಯಬೇಕಾಗಿಲ್ಲ. ಯುರೋಪಿನ ರಂಗಮಂದಿರಗಳಲ್ಲಿ ಅದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಗೊಂಡದ್ದು, 1876ರಲ್ಲಿ ಜರ್ಮನಿಯ ಬೈರಾಯ್ಟ್ ಪಟ್ಟಣದ ಸಂಗೀತ ನಾಟಕೋತ್ಸವದಲ್ಲಿ ಸಭಾಂಗಣವನ್ನು ಕತ್ತಲುಗೊಳಿಸಿದ್ದು ಆಗ ಬಂದವರಿಗೆ ಅಚ್ಚರಿಯ ಸಂಗತಿಯಾಗಿತ್ತು. ಆದರೆ ಹೊಸ ನಿಯಮವಾದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ, ಪಿಸುಮಾತಿನ ದೃಶ್ಯಗಳಿಗೆ ಆ ಮೌನ ಬೇಕೇ ಬೇಕು. ಎಲ್ಲ ಬಗೆಯವರನ್ನೂ ಒಂದೇ ಸಂಜೆ, ಒಂದೇ ನಿಯಮದಡಿ ತೃಪ್ತಿಪಡಿಸಲು ಹೋದರೆ ಯಾರಿಗೂ ತೃಪ್ತಿಯಾಗುವುದಿಲ್ಲ. ಯಾವ ದಿನದ ಪ್ರದರ್ಶನ ಯಾವ ಬಗೆಯದು ಎಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಟ್ಟರೆ, ಮೌನ ಬೇಕಾದವರು ಮೌನದ ದಿನ ಬರುತ್ತಾರೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಬರುವವರು ತಮ್ಮ ದಿನ ಬರುತ್ತಾರೆ, ಒಬ್ಬರಿಗಾಗಿ ಇನ್ನೊಬ್ಬರು ಮುಜುಗರಪಡಬೇಕಾಗುವುದಿಲ್ಲ. ಆದರೆ ಆ ವಿಶೇಷ ದಿನ ಯಾರೂ ಬರಲಾಗದ ಕೆಲಸದ ದಿನದ ಬೆಳಿಗ್ಗೆಯಾಗಿರಬಾರದು, ವರ್ಷಕ್ಕೊಂದೇ ಸಲವೂ ಆಗಬಾರದು.

ಮೊದಲ ಬಾರಿ ಬರುವವರ ಅಳುಕಿಗೆ ಮದ್ದು ಹೆಚ್ಚು ಕಷ್ಟದ್ದಲ್ಲ. ಯಾವ ಬಟ್ಟೆಯಾದರೂ ನಡೆಯುತ್ತದೆ, ತಡವಾದರೆ ಇಂಥ ಹೊತ್ತಿನಲ್ಲಿ ಒಳಗೆ ಬಿಡುತ್ತೇವೆ, ವಿರಾಮ ಇಷ್ಟು ಹೊತ್ತು, ನಾಟಕದಲ್ಲಿ ಗುಂಡಿನ ಸದ್ದಿದೆ, ಇಂಥ ವಯಸ್ಸಿನ ಮಕ್ಕಳಿಗೆ ತಕ್ಕದ್ದು ಎಂದು ಸಾದಾ ಭಾಷೆಯಲ್ಲಿ ಒಂದು ಪುಟ ಬರೆದಿಟ್ಟರೆ ಅರ್ಧ ಅಳುಕು ಕಳೆಯುತ್ತದೆ. ಉಳಿದರ್ಧ ಬಾಗಿಲಲ್ಲಿ ನಿಂತವರ ಮುಖಭಾವಕ್ಕೆ ಬಿಟ್ಟದ್ದು. ಶಾಲೆಯ ಮಕ್ಕಳ ಗುಂಪಿನ ವಿಷಯದಲ್ಲಿ ಮಾತ್ರ ಒಂದು ಮಾತು: ನೂರು ಮಕ್ಕಳನ್ನು ತುಂಬಿಸಿ ಸಭಾಂಗಣ ಭರ್ತಿಯಾಯಿತೆಂದು ಲೆಕ್ಕ ಬರೆಯುವುದು ಸುಲಭ, ಆ ಮಕ್ಕಳಲ್ಲಿ ಎಷ್ಟು ಜನ ಆಮೇಲೆ ತಮ್ಮ ಮನೆಯವರನ್ನು ಕರೆದುಕೊಂಡು ಬಂದರು ಎಂದು ಲೆಕ್ಕ ಇಡುವವರು ಕಡಿಮೆ.

ಮಹಿಳೆಯರ ಶೌಚಾಲಯದ ಮುಂದಿನ ಸಾಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹದಿನೈದು ನಿಮಿಷದ ವಿರಾಮದಲ್ಲಿ ಆ ಸಾಲು ಮುಗಿಯುವುದಿಲ್ಲ ಎಂಬುದು ನಿಮ್ಮ ಮಂಡಳಿಯಲ್ಲಿ ಮಹಿಳೆಯರಿದ್ದರೆ ಅವರಿಗೆ ಗೊತ್ತು, ಇಲ್ಲದಿದ್ದರೆ ಅದೂ ಒಂದು ವಿಷಯವೇ.

ಹೊಸಬರನ್ನು ಕರೆಯುವ ಭರದಲ್ಲಿ ನೀವು ಮರೆಯುವವರು ಹಳಬರು. ವರ್ಷವರ್ಷವೂ ಮುಂಗಡ ಹಣ ಕಟ್ಟಿ ಇಡೀ ಸರಣಿಯ ಟಿಕೆಟ್ ಕೊಳ್ಳುವವರು ಪೂರ್ತಿ ದರ ಕೊಟ್ಟು ಕೂತಿರುವಾಗ, ಪಕ್ಕದ ಆಸನ ನಿನ್ನೆ ರಾತ್ರಿ ಕಾಲು ದರಕ್ಕೆ ಹೋಯಿತೆಂದು ತಿಳಿದರೆ ಅವರಿಗೆ ಏನನ್ನಿಸಬೇಡ? ಅವರು ಬಯಸುವುದು ರಿಯಾಯಿತಿಗಿಂತ ಹೆಚ್ಚಾಗಿ ಸಣ್ಣ ಸಣ್ಣ ಅನುಕೂಲಗಳನ್ನು: ಜ್ವರ ಬಂದ ದಿನದ ಟಿಕೆಟ್ಟನ್ನು ಇನ್ನೊಂದು ದಿನಕ್ಕೆ ಬದಲಿಸಿಕೊಡುವುದು, ವರ್ಷಗಳಿಂದ ಕೂರುತ್ತಿದ್ದ ಜಾಗವನ್ನು ಕೇಳದೆ ಬದಲಿಸದಿರುವುದು, ಒಗ್ಗದ ನಾಟಕದ ಬಗ್ಗೆ ಅವರು ಬರೆದ ಪತ್ರಕ್ಕೆ ಎರಡು ಸಾಲಿನ ಉತ್ತರ.

ಆದ್ದರಿಂದ ನನ್ನ ಕೋರಿಕೆಗಳು ಇವು. ಮುಂದಿನ ಪಟ್ಟಿ ಅಚ್ಚಿಗೆ ಹೋಗುವ ಮೊದಲು ಪ್ರತಿ ಪ್ರದರ್ಶನದ ಮುಂದೆ ಮುಗಿಯುವ ವೇಳೆ, ಮೆಟ್ಟಿಲುಗಳ ವಿವರ, ಲೂಪ್, ಅಕ್ಷರದ ಪರದೆ ಮತ್ತು ವಿವರಣೆ ಇರುವ ದಿನಗಳು, ಎಲ್ಲ ಶುಲ್ಕವೂ ಸೇರಿದ ಪೂರ್ತಿ ದರ ಇಷ್ಟನ್ನು ಮುದ್ರಿಸಿ. ಕಡಿಮೆ ದರದ ಆಸನಗಳಲ್ಲಿ ಒಂದು ಪಾಲನ್ನಾದರೂ ಮುಂದಿನ ಸಾಲುಗಳಲ್ಲಿಡಿ, ಮುಂಗಡವಾಗಿ ಕೊಳ್ಳಲು ಸಿಗುವಂತೆ ಮಾಡಿ. ವರ್ಷದ ಕೊನೆಯಲ್ಲಿ ಎಷ್ಟು ಟಿಕೆಟ್ ಮಾರಿದಿರಿ ಎಂಬುದರ ಜೊತೆಗೆ, ಮೊದಲ ಸಲ ಬಂದವರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು ಎಂಬ ಲೆಕ್ಕವನ್ನೂ ಪ್ರಕಟಿಸಿ. ಬಾರದವರನ್ನು ಹುಡುಕಿಕೊಂಡು ಹೋಗಿ ಕೇಳಿ. ಸಭಾಂಗಣದಲ್ಲಿ ಕೂತವರಿಗೆ ಹಂಚುವ ಅಭಿಪ್ರಾಯದ ಹಾಳೆಯಲ್ಲಿ ಅವರ ಉತ್ತರ ಸಿಗುವುದಿಲ್ಲ. ಮತ್ತು ಮುಂದಿನ ಸಭೆಗೆ ಟಿಕೆಟ್ ಕಿಟಕಿಯಲ್ಲಿ ಕೂರುವವರನ್ನೂ ಬಾಗಿಲಲ್ಲಿ ನಿಲ್ಲುವವರನ್ನೂ ಕರೆದು, ವರದಿ ಓದಿ ಹೋಗಲು ಹೇಳದೆ, ನಿರ್ಣಯವಾಗುವವರೆಗೂ ಕೂರಿಸಿಕೊಳ್ಳಿ. ಯಾರು ದರ ಕೇಳಿ ಹಿಂದಿರುಗಿದರು, ಯಾರು ಮೆಟ್ಟಿಲು ನೋಡಿ ಹಿಂದಿರುಗಿದರು, ಯಾರು ವಿರಾಮದಲ್ಲೇ ಎದ್ದುಹೋದರು ಎಂಬುದು ಅವರಿಗೆ ಗೊತ್ತಿರುತ್ತದೆ.

ನಿಮ್ಮ ಉತ್ತರವನ್ನೂ ಬಹಿರಂಗವಾಗಿಯೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪ್ರೇಕ್ಷಕಿ